ವಿಶ್ವವಿದ್ಯಾಲಯದ ಬಾಗಿಲಲ್ಲಿ ನ್ಯಾಯಾಲಯ: ಪದವಿ ಕಸಿದುಕೊಂಡ ಒಂದು ಹಳೆಯ ಪ್ರಕರಣ ಮತ್ತು ಅದರ ಮುಂದಿನ ಕಥೆ



ಕಳೆದ ವರ್ಷ ನಮ್ಮ ಸಂಘದ ವಿದ್ಯಾರ್ಥಿವೇತನ ಪಡೆದು ಓದಿದ ಒಬ್ಬ ಹೆಣ್ಣುಮಗಳು ತನ್ನ ತಂದೆಯೊಂದಿಗೆ ನನ್ನ ಮನೆಗೆ ಬಂದಿದ್ದಳು. ಕೈಯಲ್ಲಿ ಎರಡೇ ಸಾಲಿನ ಒಂದು ಪತ್ರ. ಆಕೆಯ ಸಂಶೋಧನೆಯ ಪ್ರಗತಿ ತೃಪ್ತಿಕರವಾಗಿಲ್ಲವೆಂದು ತಜ್ಞರು ಅಭಿಪ್ರಾಯಪಟ್ಟಿದ್ದಾರೆ, ಆದ್ದರಿಂದ ಪಿಎಚ್.ಡಿ. ನೋಂದಣಿಯನ್ನು ರದ್ದುಪಡಿಸಲಾಗಿದೆ ಎಂದು ಅದರಲ್ಲಿ ಬರೆದಿತ್ತು. ತಜ್ಞರು ಯಾರು, ಅವರು ಹೇಳಿದ್ದೇನು, ಯಾವ ಅಧ್ಯಾಯ ಸರಿಯಿಲ್ಲ ಎಂಬ ಒಂದಕ್ಷರವೂ ಇರಲಿಲ್ಲ. ನಾಲ್ಕು ವರ್ಷಗಳ ದುಡಿಮೆಗೆ ಎರಡು ಸಾಲಿನ ಉತ್ತರ!

ತಂದೆಯ ಮಾತು ಒಂದೇ. "ಸರ್, ಅಷ್ಟು ದೊಡ್ಡವರ ಮೇಲೆ ಕೋರ್ಟಿಗೆ ಹೋಗಲು ನಮ್ಮಂಥವರಿಂದ ಆಗುತ್ತದೆಯೇ? ಸುಮ್ಮನಿರುವುದೇ ವಾಸಿ ಅಲ್ಲವೇ?" ಮಗಳು ಮಾತ್ರ ಬೇರೆಯದೇ ಕೇಳಿದಳು. "ಸರ್, ನಾನು ತಪ್ಪು ಮಾಡಿದ್ದರೆ ಮಾಡಿದ್ದೇನೆ. ಏನು ತಪ್ಪೆಂದು ನನಗೆ ಹೇಳಬೇಕಲ್ಲವೇ?"

ಈ ಹುಡುಗಿಗೆ ಅರಿವಿಲ್ಲದೆಯೇ ಅವಳು ಕೇಳಿದ್ದು ಮುನ್ನೂರು ವರ್ಷಗಳ ಹಿಂದೆ ಲಂಡನ್ನಿನ ನ್ಯಾಯಾಲಯವೊಂದರಲ್ಲಿ ಕೇಳಿಬಂದ ಪ್ರಶ್ನೆಯನ್ನೇ. ವಿಶ್ವವಿದ್ಯಾಲಯ ಕೊಟ್ಟ ಪದವಿಯನ್ನು ವಿಶ್ವವಿದ್ಯಾಲಯವೇ ಕಸಿದುಕೊಂಡರೆ, ಅಥವಾ ಕೊಡಬೇಕಾದ್ದನ್ನು ಕೊಡದೆ ಹೋದರೆ, ಹೊರಗಿನ ನ್ಯಾಯಾಧೀಶನಿಗೆ ಅದನ್ನು ಪ್ರಶ್ನಿಸುವ ಅಧಿಕಾರ ಉಂಟೇ? ಕಾನೂನಿನವರು ನ್ಯಾಯಾಂಗ ಪುನರ್ವಿಮರ್ಶೆ ಎಂದು ಕರೆಯುವ ಈ ಅಧಿಕಾರದ ಚರಿತ್ರೆಯನ್ನು ಅಂದು ಅವರಿಬ್ಬರಿಗೆ ಚಹಾ ಆರುವಷ್ಟು ಹೊತ್ತಿನಲ್ಲಿ ಹೇಳಿದ್ದೆ. ಇಲ್ಲಿ ನಿಮಗಾಗಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಕಥೆ ಆರಂಭವಾಗುವುದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಅಲ್ಲಿನ ಟ್ರಿನಿಟಿ ಕಾಲೇಜಿಗೆ 1700ರಲ್ಲಿ ರಿಚರ್ಡ್ ಬೆಂಟ್ಲಿ ಎಂಬವರು ಮಾಸ್ಟರ್ ಆಗಿ, ಅಂದರೆ ಕಾಲೇಜಿನ ಮುಖ್ಯಸ್ಥರಾಗಿ ಬಂದರು. ಆ ಕಾಲದ ಯುರೋಪಿನಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಪಾಂಡಿತ್ಯದಲ್ಲಿ ಅವರಿಗೆ ಸಮನಾದವರು ಬಹಳ ಕಡಿಮೆ. ಫಲಾರಿಸ್ ಎಂಬ ಪ್ರಾಚೀನ ದೊರೆಯ ಪತ್ರಗಳೆಂದು ಎಲ್ಲರೂ ಹೊಗಳುತ್ತಿದ್ದ ಕೃತಿಯು ನೂರಾರು ವರ್ಷಗಳ ನಂತರ ಯಾರೋ ಸೃಷ್ಟಿಸಿದ ನಕಲಿ ಎಂದು ಭಾಷೆಯ ಸಾಕ್ಷ್ಯದಿಂದಲೂ ತೋರಿಸಿಕೊಟ್ಟವರು ಅವರು. ನ್ಯೂಟನ್‌ರ ಪ್ರಸಿದ್ಧ ಪ್ರಿನ್ಸಿಪಿಯಾ ಗ್ರಂಥದ ಎರಡನೆಯ ಮುದ್ರಣ 1713ರಲ್ಲಿ ಹೊರಬರುವಂತೆ ನೋಡಿಕೊಂಡವರೂ ಅವರೇ.

ಆದರೆ ವಿದ್ವತ್ತು ಎಷ್ಟಿತ್ತೋ ಅಹಂಕಾರವೂ ಅಷ್ಟೇ ಇತ್ತು. ಕಾಲೇಜಿನ ಹಣವನ್ನು ತನ್ನ ನಿವಾಸದ ಅಂದಚೆಂದಕ್ಕೆ ಸುರಿದರೆಂದೂ ಸಹೋದ್ಯೋಗಿಗಳನ್ನು ಕೀಳಾಗಿ ಕಂಡರೆಂದೂ ಅವರ ಮೇಲೆ ದೂರುಗಳ ಸುರಿಮಳೆಯಾಯಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಕಾನೂನಿನ ಚರಿತ್ರೆಯಲ್ಲಿ ಬೆಂಟ್ಲಿಯ ಹೆಸರು ಉಳಿದದ್ದು ಅವರು ನಿರಪರಾಧಿ ಎಂಬ ಕಾರಣಕ್ಕಲ್ಲ.

1717ರ ಅಕ್ಟೋಬರಿನಲ್ಲಿ ದೊರೆ ಒಂದನೆಯ ಜಾರ್ಜ್ ಕೇಂಬ್ರಿಜ್‌ಗೆ ಭೇಟಿ ಕೊಟ್ಟನು. ಆ ಸಂದರ್ಭದಲ್ಲಿ ಹಲವರಿಗೆ ಧರ್ಮಶಾಸ್ತ್ರದ ಡಾಕ್ಟರೇಟ್ ಪದವಿ ನೀಡಲಾಯಿತು. ಆ ವೇಳೆಗೆ ಧರ್ಮಶಾಸ್ತ್ರದ ರಾಜಪ್ರಾಧ್ಯಾಪಕರೂ ಆಗಿದ್ದ ಬೆಂಟ್ಲಿ, ಪದವಿ ಪಡೆಯುವ ಪ್ರತಿಯೊಬ್ಬರೂ ತಮಗೆ ನಾಲ್ಕು ಗಿನಿ ಹೆಚ್ಚುವರಿ ಶುಲ್ಕ ಕೊಡಬೇಕೆಂದು ಪಟ್ಟು ಹಿಡಿದರು. ಶುಲ್ಕ ಕೊಡದಿದ್ದರೆ ಪದವಿ ಇಲ್ಲ! ಕಾನ್ಯರ್ಸ್ ಮಿಡ್ಲ್‌ಟನ್ ಎಂಬವರು, ಇದು ಸರಿಯಲ್ಲವೆಂದು ತೀರ್ಮಾನವಾದರೆ ಹಣ ಹಿಂತಿರುಗಿಸಬೇಕು ಎಂಬ ಷರತ್ತಿನ ಮೇಲೆ ಕೊಟ್ಟರು. ಹಣ ವಾಪಸು ಬರಲಿಲ್ಲ. ಮಿಡ್ಲ್‌ಟನ್ ಕುಲಪತಿಗಳ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಹೌದು, ಆ ಕಾಲದಲ್ಲಿ ವಿಶ್ವವಿದ್ಯಾಲಯಕ್ಕೆ ತನ್ನದೇ ಆದ ನ್ಯಾಯಾಲಯವಿತ್ತು.

ಸಮನ್ಸ್ ಮುಟ್ಟಿಸಲು ಬಂದ ವಿಶ್ವವಿದ್ಯಾಲಯದ ನೌಕರನ ಮುಂದೆ ಬೆಂಟ್ಲಿ ಕುಲಪತಿಗಳನ್ನೂ ಅವರ ನ್ಯಾಯಾಲಯವನ್ನೂ ಹೀನಾಯವಾಗಿ ಮಾತನಾಡಿದರು. ಕುಲಪತಿಯೂ ಅವರ ಒಂದಿಬ್ಬರು ಸ್ನೇಹಿತರೂ ಮದ್ಯದ ಬಾಟಲಿಯ ಮುಂದೆ ಕುಳಿತು ಮಾಡುವ ತೀರ್ಮಾನಕ್ಕೆ ತಾನು ತಲೆಬಾಗುವುದಿಲ್ಲ ಎಂಬರ್ಥದ ಮಾತುಗಳವು. ನೌಕರ ಹೋಗಿ ಕೇಳಿದ್ದನ್ನೆಲ್ಲ ಪ್ರಮಾಣ ಮಾಡಿ ಹೇಳಿದ. ಕುಲಪತಿ ಥಾಮಸ್ ಗೂಚ್ 1718ರ ಅಕ್ಟೋಬರ್ 3ರಂದು ಬೆಂಟ್ಲಿಯ ಪದವಿಗಳನ್ನು ಅಮಾನತಿನಲ್ಲಿಟ್ಟರು. ಎರಡು ವಾರಗಳ ನಂತರ, ಅಕ್ಟೋಬರ್ 17ರಂದು, ವಿಶ್ವವಿದ್ಯಾಲಯದ ಸೆನೆಟ್ ಅವರ ಎಲ್ಲ ಪದವಿಗಳನ್ನೂ ಕಿತ್ತುಕೊಂಡಿತು. ಯುರೋಪಿನ ಮಹಾ ವಿದ್ವಾಂಸನೊಬ್ಬ ಒಂದೇ ಮಧ್ಯಾಹ್ನದಲ್ಲಿ ಪದವಿಯೇ ಇಲ್ಲದ ಸಾಮಾನ್ಯನಾದ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಈ ನಿಂದನೆಯ ಆರೋಪಕ್ಕೆ ನಿಮ್ಮ ಉತ್ತರವೇನು ಎಂದು ಬೆಂಟ್ಲಿಯನ್ನು ಯಾರೂ ಕರೆದು ಕೇಳಲಿಲ್ಲ. ನೌಕರನ ಹೇಳಿಕೆಯೇ ಸಾಕ್ಷ್ಯ, ಅದೇ ತೀರ್ಪು.

ಬೆಂಟ್ಲಿ ಲಂಡನ್ನಿನ ಕಿಂಗ್ಸ್ ಬೆಂಚ್ ನ್ಯಾಯಾಲಯದ ಮೊರೆ ಹೋದರು. ತಮ್ಮ ಪದವಿಗಳನ್ನು ಮರಳಿಸುವಂತೆ ವಿಶ್ವವಿದ್ಯಾಲಯಕ್ಕೆ ಮ್ಯಾಂಡಮಸ್ ಎಂಬ ಆಜ್ಞೆ ಹೊರಡಿಸಬೇಕೆಂದು ಬೇಡಿದರು. ವಾದ ವಿವಾದಗಳು ವರ್ಷಗಟ್ಟಲೆ ಎಳೆದಾಡಿದವು (ಕೋರ್ಟಿನ ವಿಳಂಬ ನಮ್ಮ ಕಾಲದ ರೋಗವೆಂದು ತಿಳಿದವರು ಇದನ್ನು ಗಮನಿಸಬೇಕು). ಕಾನೂನು ವರದಿಗಳಲ್ಲಿ ಇದು 1723ರ ಪ್ರಕರಣವೆಂದು ದಾಖಲಾಗಿದೆ. ಮುಖ್ಯ ನ್ಯಾಯಾಧೀಶ ಪ್ರ್ಯಾಟ್ ಮತ್ತು ಅವರ ಸಹ ನ್ಯಾಯಾಧೀಶರು ವಿಶ್ವವಿದ್ಯಾಲಯದ ವಿರುದ್ಧ ತೀರ್ಪಿತ್ತರು. ಬೆಂಟ್ಲಿ ಆಡಿದ ಮಾತು ಒರಟಾಗಿತ್ತು, ನಿಜ. ಆದರೆ ಕರೆಸದೆ, ಕೇಳದೆ ಪದವಿ ಕಸಿಯುವಂತಿಲ್ಲ. ಪದವಿ ಎಂಬುದು ಬರಿಯ ಅಲಂಕಾರವಲ್ಲ, ಅದರ ಜೊತೆ ಮನುಷ್ಯನ ಸ್ಥಾನಮಾನವೂ ಜೀವನೋಪಾಯವೂ ಸೇರಿಕೊಂಡಿವೆ ಎಂಬುದನ್ನು ನ್ಯಾಯಾಲಯ ಅಂದೇ ಕಂಡುಕೊಂಡಿತು. 1724ರ ಮಾರ್ಚ್‌ನಲ್ಲಿ ವಿಶ್ವವಿದ್ಯಾಲಯ ಪದವಿಗಳನ್ನು ಮರಳಿಸಿತು.

ಈ ತೀರ್ಪಿನಲ್ಲಿ ನ್ಯಾಯಮೂರ್ತಿ ಫಾರ್ಟೆಸ್ಕ್ಯೂ ಆಡಿದ ಒಂದು ಮಾತು ಇಂದಿಗೂ ಕಾನೂನು ಕಾಲೇಜುಗಳಲ್ಲಿ ಕೇಳಿಬರುತ್ತದೆ. ನಿಷೇಧಿತ ಮರದ ಫಲ ತಿಂದ ಆದಮ್‌ರಿಗೆ ಶಿಕ್ಷೆ ವಿಧಿಸುವ ಮೊದಲು ಸ್ವತಃ ದೇವನೇ ಅವರನ್ನು ಕರೆದು ಕೇಳಿದನು, ಹವ್ವಾರನ್ನೂ ಕೇಳಿದನು. ಹಾಗಿರುವಾಗ ಮನುಷ್ಯರ ಸಂಸ್ಥೆಗೆ ಕೇಳದೆ ಶಿಕ್ಷಿಸುವ ಹಕ್ಕು ಎಲ್ಲಿಂದ ಬಂತು ಎಂಬುದು ಅವರ ಮಾತಿನ ಸಾರ. ಸರ್ವಜ್ಞನಿಗೆ ಉತ್ತರ ಮೊದಲೇ ಗೊತ್ತು. ಆದರೂ ಕೇಳಿದ. ಆದಮ್‌ರ ಈ ವೃತ್ತಾಂತವನ್ನು ಚಿಕ್ಕಂದಿನಿಂದ ಕೇಳಿ ಬೆಳೆದ ನಮ್ಮ ವಿದ್ಯಾರ್ಥಿಗಳಿಗೆ, ಅದೇ ವೃತ್ತಾಂತ ಆಡಳಿತ ಕಾನೂನಿನ ಒಂದು ಮೂಲ ತೀರ್ಪಿನೊಳಗೂ ಇದೆ ಎಂದು ತಿಳಿದಾಗ ಆಶ್ಚರ್ಯವಾಗಬಹುದು. 1863ರಲ್ಲಿ, ನೋಟಿಸು ಕೊಡದೆ ಒಬ್ಬನ ಮನೆ ಕೆಡವಿದ ಲಂಡನ್ನಿನ ಸ್ಥಳೀಯ ಮಂಡಳಿಯ ವಿರುದ್ಧದ ಕೂಪರ್ ಪ್ರಕರಣದಲ್ಲಿ ನ್ಯಾಯಾಧೀಶರು ಇದನ್ನೇ ಮತ್ತೆ ನೆನಪಿಸಿದರು. ಪದವಿಯ ಜಗಳದಲ್ಲಿ ಹುಟ್ಟಿದ ತತ್ವ ಬಡವನ ಸೂರಿನ ರಕ್ಷಣೆಗೂ ಬಂದಿತು.

ಬೆಂಟ್ಲಿ ಮುಂದೇನಾದರು? ಬದಲಾಗಲಿಲ್ಲ. ಕಾಲೇಜಿನ ಜಗಳ ಮುಂದುವರಿಯಿತು. 1734ರಲ್ಲಿ ಈಲಿಯ ಬಿಷಪ್ ವಿಚಾರಣೆ ನಡೆಸಿ ಅವರನ್ನು ಮಾಸ್ಟರ್ ಹುದ್ದೆಯಿಂದ ತೆಗೆಯಬೇಕೆಂದು ತೀರ್ಪಿತ್ತರೂ, ಅದನ್ನು ಜಾರಿ ಮಾಡಬೇಕಿದ್ದ ಉಪಮುಖ್ಯಸ್ಥರು ಬೆಂಟ್ಲಿಯ ಪಕ್ಷದವರಾಗಿದ್ದರು! 1742ರಲ್ಲಿ ಸಾಯುವವರೆಗೂ ಬೆಂಟ್ಲಿ ಅದೇ ಕುರ್ಚಿಯಲ್ಲಿದ್ದರು.

ಇಷ್ಟಾದ ಮೇಲೆ ಇಂಗ್ಲೆಂಡಿನ ವಿದ್ಯಾರ್ಥಿಗಳಿಗೆಲ್ಲ ನ್ಯಾಯಾಲಯದ ಬಾಗಿಲು ತೆರೆಯಿತು ಎಂದುಕೊಂಡರೆ ತಪ್ಪು. ಅಲ್ಲಿನ ಬಹುತೇಕ ವಿದ್ಯಾಸಂಸ್ಥೆಗಳಿಗೆ ವಿಸಿಟರ್ ಎಂಬ ಒಬ್ಬ ಮೇಲ್ವಿಚಾರಕನಿರುತ್ತಿದ್ದ. ಬಿಷಪ್ಪರೋ ಲಾರ್ಡ್ ಚಾನ್ಸೆಲರರೋ ದೊರೆಯೋ ಆ ಸ್ಥಾನದಲ್ಲಿರುತ್ತಿದ್ದರು. ಸಂಸ್ಥೆಯ ಒಳಗಿನ ತಕರಾರುಗಳನ್ನು ತೀರ್ಮಾನಿಸುವವನು ಅವನೊಬ್ಬನೇ. 1987ರಲ್ಲಿಯೂ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಹೌಸ್ ಆಫ್ ಲಾರ್ಡ್ಸ್ ಇದನ್ನೇ ಎತ್ತಿಹಿಡಿಯಿತು. ಕೇಂಬ್ರಿಜ್‌ನ ಕಾಲೇಜುಗಳಿಗೆ ವಿಸಿಟರ್ ಇದ್ದರೂ ಇಡೀ ವಿಶ್ವವಿದ್ಯಾಲಯಕ್ಕೆ ಇರಲಿಲ್ಲ. ಬೆಂಟ್ಲಿ ಗೆದ್ದದ್ದು ಈ ಕಿಂಡಿಯಿಂದ. 2004ರ ಉನ್ನತ ಶಿಕ್ಷಣ ಕಾಯ್ದೆಯು ವಿದ್ಯಾರ್ಥಿಗಳ ದೂರುಗಳ ಮೇಲೆ ವಿಸಿಟರನಿಗಿದ್ದ ಅಧಿಕಾರವನ್ನು ತೆಗೆದುಹಾಕಿ, ಸ್ವತಂತ್ರ ತೀರ್ಮಾನಕಾರರ ಕಚೇರಿಯೊಂದಕ್ಕೆ ದಾರಿ ಮಾಡಿಕೊಟ್ಟಿತು.

ವಿದ್ಯಾರ್ಥಿ ಮಿತ್ರರೇ, ಇನ್ನೆರಡು ಪ್ರಕರಣಗಳನ್ನು ನಿಮ್ಮ ಗಮನಕ್ಕೆ ತರಬೇಕು. ಎರಡರಲ್ಲೂ ವಿದ್ಯಾರ್ಥಿಗಳು ಸೋತರು.

ಮೊದಲನೆಯದು ನಮ್ಮ ನೆರೆಯ ಶ್ರೀಲಂಕಾದ್ದು. ಅಂದಿನ ಸಿಲೋನ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರದ ಅಂತಿಮ ಪರೀಕ್ಷೆಯಲ್ಲಿ ಅನುವಾದಕ್ಕೆ ಬಂದ ಜರ್ಮನ್ ಭಾಷೆಯ ಒಂದು ಭಾಗ ಒಬ್ಬ ವಿದ್ಯಾರ್ಥಿಗೆ ಮೊದಲೇ ತಿಳಿದಿತ್ತೆಂದು ಆರೋಪ ಬಂತು. ವಿಚಾರಣಾ ಸಮಿತಿಯು ಮುಖ್ಯ ಸಾಕ್ಷಿಯಾದ ಸಹಪಾಠಿಯ ಹೇಳಿಕೆಯನ್ನು ಆತ ಇಲ್ಲದಿರುವಾಗ ಪಡೆಯಿತು. 1960ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ವಿಶ್ವವಿದ್ಯಾಲಯದ ಪರವಾಗಿ ತೀರ್ಪಿತ್ತಿತು. ಕಾರಣ? ಆರೋಪವೇನೆಂದು ಆತನಿಗೆ ತಿಳಿಸಲಾಗಿತ್ತು, ಉತ್ತರಿಸುವ ಅವಕಾಶವೂ ಸಿಕ್ಕಿತ್ತು. ಸಾಕ್ಷಿಯನ್ನು ತಾನು ಪ್ರಶ್ನಿಸಬೇಕೆಂದು ಆತ ಕೇಳಿರಲೇ ಇಲ್ಲ. ಕೇಳಿದ್ದು ನಿರಾಕರಿಸಲ್ಪಟ್ಟಿದ್ದರೆ ಮಾತು ಬೇರೆಯಾಗುತ್ತಿತ್ತು.

ಎರಡನೆಯದು 1969ರದು, ಇಂಗ್ಲೆಂಡಿನ ಆಸ್ಟನ್ ವಿಶ್ವವಿದ್ಯಾಲಯದ್ದು. ಪೂರಕ ವಿಷಯಗಳಲ್ಲಿ ಅನುತ್ತೀರ್ಣರಾದ ವಿದ್ಯಾರ್ಥಿಗಳನ್ನು, ಅವರ ವೈಯಕ್ತಿಕ ಕಷ್ಟಗಳ ಬಗ್ಗೆ ಅವರ ಬಾಯಿಂದ ಕೇಳದೆಯೇ ಹೊರಗೆ ಕಳುಹಿಸಲಾಗಿತ್ತು. ಇದು ಸಹಜ ನ್ಯಾಯಕ್ಕೆ ವಿರುದ್ಧ ಎಂದು ನ್ಯಾಯಾಲಯ ಒಪ್ಪಿತು. ಒಪ್ಪಿಯೂ ಪರಿಹಾರ ಕೊಡಲಿಲ್ಲ, ಏಕೆಂದರೆ ಅವರು ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ಬಂದಿದ್ದರು. "ಸುಮ್ಮನಿರುವುದೇ ವಾಸಿ" ಎಂದ ಆ ತಂದೆಗೆ ನಾನು ಹೇಳಿದ್ದು ಈ ಪ್ರಕರಣವನ್ನೇ.

ಇನ್ನು ನಮ್ಮ ದೇಶಕ್ಕೆ ಬರೋಣ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 226ನೇ ವಿಧಿಯು ಹೈಕೋರ್ಟುಗಳಿಗೆ ರಿಟ್ ಹೊರಡಿಸುವ ವಿಶಾಲ ಅಧಿಕಾರ ಕೊಟ್ಟಿತು. ಬೆಂಟ್ಲಿ ಬೇಡಿದ ಮ್ಯಾಂಡಮಸ್ ಇಲ್ಲಿ ಸಾಮಾನ್ಯ ಪ್ರಜೆಯ ಕೈಗೆ ಬಂದದ್ದು ಹೀಗೆ. ನಮ್ಮ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೂ ವಿಸಿಟರ್ ಉಂಟು, ಅಲೀಗಢದಲ್ಲಿ ರಾಷ್ಟ್ರಪತಿಗಳೇ ವಿಸಿಟರ್. ಆದರೆ ಆ ಹೆಸರು ಇಲ್ಲಿ ಹೈಕೋರ್ಟಿನ ಬಾಗಿಲಿಗೆ ಅಡ್ಡ ಬರುವುದಿಲ್ಲ. ಉತ್ತರ ಪ್ರದೇಶದ ಇಂಟರ್ಮೀಡಿಯೆಟ್ ಪರೀಕ್ಷಾ ಮಂಡಳಿಯು ಮೂವರು ಹುಡುಗರ 1954ರ ಫಲಿತಾಂಶವನ್ನು ಕೇಳದೆ ರದ್ದು ಮಾಡಿದಾಗ, ಹಾಗೆ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1962ರ ಘನಶ್ಯಾಮ್ ದಾಸ್ ಗುಪ್ತಾ ಪ್ರಕರಣದಲ್ಲಿ ಹೇಳಿತು. ಒಬ್ಬ ವಿದ್ಯಾರ್ಥಿಯ ಇಡೀ ಬಾಳನ್ನು ಮುಟ್ಟುವ ತೀರ್ಮಾನವನ್ನು ನ್ಯಾಯಾಧೀಶನ ರೀತಿಯಲ್ಲಿಯೇ ಮಾಡಬೇಕು ಎಂಬುದು ಆ ತೀರ್ಪಿನ ತಿರುಳು.

ಮರುವರ್ಷವೇ, 1963ರಲ್ಲಿ, ಅದೇ ಸುಪ್ರೀಂ ಕೋರ್ಟ್ ಇನ್ನೊಂದು ತಕ್ಕಡಿಗೂ ತೂಕ ಹಾಕಿತು. ಅದು ನಮ್ಮ ಮೈಸೂರು ವಿಶ್ವವಿದ್ಯಾಲಯದ ಪ್ರಕರಣ. ಕನ್ನಡನಾಡಿನ ಒಂದು ಮೊಕದ್ದಮೆ ಇಂದಿಗೂ ದೇಶದ ಮೂಲೆಮೂಲೆಯ ಹೈಕೋರ್ಟುಗಳಲ್ಲಿ ಉಲ್ಲೇಖವಾಗುತ್ತಿದೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಬೆಂಗಳೂರಿನ ಸೆಂಟ್ರಲ್ ಕಾಲೇಜು ಆಗ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಅಲ್ಲಿನ ಇಂಗ್ಲಿಷ್ ವಿಭಾಗದ ಸಂಶೋಧನಾ ರೀಡರ್ ಹುದ್ದೆಗೆ ಅಣ್ಣಯ್ಯಗೌಡರನ್ನು ನೇಮಿಸಲಾಯಿತು. ಜಾಹೀರಾತಿನಲ್ಲಿ ಕೇಳಿದ್ದು ಭಾರತೀಯ ವಿಶ್ವವಿದ್ಯಾಲಯದ ಪ್ರಥಮ ದರ್ಜೆಯ ಅಥವಾ ಉನ್ನತ ದ್ವಿತೀಯ ದರ್ಜೆಯ ಎಂ.ಎ., ಇಲ್ಲವೇ ಅದಕ್ಕೆ ಸಮನಾದ ವಿದೇಶಿ ಪದವಿ. ಅಣ್ಣಯ್ಯಗೌಡರಿಗೆ ಮೈಸೂರಿನ ಎಂ.ಎ.ಯಲ್ಲಿ ಬಂದದ್ದು ಶೇಕಡಾ 50.2 ಅಂಕ. ಇದು ಯಾವ ಸೀಮೆಯ ಉನ್ನತ ದ್ವಿತೀಯ ದರ್ಜೆ ಎಂದು ಸಿ.ಡಿ. ಗೋವಿಂದರಾವ್ ಎಂಬವರು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಮೈಸೂರು ಹೈಕೋರ್ಟ್ ಅವರ ವಾದವನ್ನು ಒಪ್ಪಿ ನೇಮಕವನ್ನು ರದ್ದು ಮಾಡಿತು.

ಆದರೆ ಅಣ್ಣಯ್ಯಗೌಡರ ಬಳಿ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಎಂ.ಎ. ಪದವಿಯೂ ಇತ್ತು. ಆ ಪದವಿಯ ತೂಕವೆಷ್ಟು ಎಂದು ಹೇಳಬೇಕಾದವರು ಯಾರು? ಕಪ್ಪು ಕೋಟಿನವರೋ, ಇಂಗ್ಲಿಷ್ ಪ್ರಾಧ್ಯಾಪಕರೋ? ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರು ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿದರು. ಆಯ್ಕೆ ಮಂಡಳಿಯಲ್ಲಿ ವಿಷಯ ಬಲ್ಲ ತಜ್ಞರಿದ್ದರು, ಅವರ ಮೇಲೆ ದುರುದ್ದೇಶದ ಆರೋಪವಿರಲಿಲ್ಲ. ಅಂಥ ಕಡೆ ವಿದ್ಯಾವಿಷಯಕ ತೀರ್ಮಾನಗಳನ್ನು ತಜ್ಞರಿಗೆ ಬಿಡುವುದೇ ಜಾಣತನ, ನ್ಯಾಯಾಲಯಗಳು ಕೈಹಾಕಲು ಅವಸರಪಡಬಾರದು ಎಂದು ಅವರು ಬರೆದರು. ಅಣ್ಣಯ್ಯಗೌಡರು ಮುಂದೆ ಮೈಸೂರಿನಲ್ಲಿ ಹೆಸರಾಂತ ಇಂಗ್ಲಿಷ್ ಪ್ರಾಧ್ಯಾಪಕರಾಗಿ, ದಿ ಲಿಟರರಿ ಹಾಫ್ ಇಯರ್ಲಿ ಪತ್ರಿಕೆಯ ಸಂಪಾದಕರಾಗಿ ಪ್ರಸಿದ್ಧರಾದರು. ಅಂಕಪಟ್ಟಿಯಲ್ಲಿ ಕಾಣದ್ದು ತಜ್ಞರ ಕಣ್ಣಿಗೆ ಕಂಡಿತ್ತೇನೋ.

ಈ ತೀರ್ಪು ಸರಿಯೇ ಇತ್ತೆಂದು ನನ್ನ ಭಾವನೆ. ಆದರೆ ಅದು ಬಳಕೆಯಾದ ರೀತಿಯ ಬಗ್ಗೆ ನನಗೆ ಸಮಾಧಾನವಿಲ್ಲ. ವಿದ್ಯಾರ್ಥಿಯೊಬ್ಬ ನನ್ನನ್ನು ಕೇಳಲಿಲ್ಲ, ವರದಿ ತೋರಿಸಲಿಲ್ಲ ಎಂದು ಅಳಲು ತೋಡಿಕೊಂಡರೂ, ಇದು ತಜ್ಞರ ವಿಷಯ ಎಂಬ ಉತ್ತರ ಸಿದ್ಧವಾಗಿರುತ್ತದೆ. ಗೋವಿಂದರಾವ್ ಪ್ರಕರಣದಲ್ಲಿ ವಿವಾದವಿದ್ದದ್ದು ಪದವಿಯ ಯೋಗ್ಯತೆಯ ಬಗ್ಗೆ. ಬೆಂಟ್ಲಿ ಪ್ರಕರಣದಲ್ಲಿದ್ದದ್ದು ತೀರ್ಮಾನ ಮಾಡಿದ ರೀತಿಯ ಬಗ್ಗೆ. ಪ್ರಬಂಧ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ನ್ಯಾಯಾಧೀಶ ಹೇಳಲಾರ, ಹೇಳಲೂಬಾರದು. ಆದರೆ ನಿಯಮದಂತೆ ಪರೀಕ್ಷಕರನ್ನು ನೇಮಿಸಿದರೇ, ದ್ವೇಷವಿದ್ದವರು ಆ ಕುರ್ಚಿಯಲ್ಲಿ ಕುಳಿತಿದ್ದರೇ, ಸಂಬಂಧಪಟ್ಟವರ ಮಾತು ಕೇಳಿದರೇ ಎಂಬುದನ್ನು ತಿಳಿಯಲು ಭೌತಶಾಸ್ತ್ರವೋ ಭಾಷಾಶಾಸ್ತ್ರವೋ ಓದಿರಬೇಕಾಗಿಲ್ಲ. 1980ರಲ್ಲಿ ಅಲಹಾಬಾದ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಅದೇ ಉನ್ನತ ದ್ವಿತೀಯ ದರ್ಜೆಯ ಅರ್ಥವೇನೆಂಬ ಜಗಳ ಬಂದಾಗ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರೂ ಇದೇ ಧಾಟಿಯಲ್ಲಿ ಹೇಳಿದರು: ಹಿಂಜರಿಯುವುದು ವಿವೇಕದ ಮಾತು, ಅದು ಸಂಪೂರ್ಣ ನಿಷೇಧವಲ್ಲ.

ಉತ್ತರಪತ್ರಿಕೆಯ ವಿಷಯದಲ್ಲಿ ಬದಲಾವಣೆ ತಡವಾಗಿ ಬಂತು. 1984ರಲ್ಲಿ ಮಹಾರಾಷ್ಟ್ರದ ಪರೀಕ್ಷಾ ಮಂಡಳಿಯ ಪ್ರಕರಣದಲ್ಲಿ, ಉತ್ತರಪತ್ರಿಕೆ ನೋಡುವ ಹಕ್ಕಾಗಲಿ ಮರುಮೌಲ್ಯಮಾಪನದ ಹಕ್ಕಾಗಲಿ ಇಲ್ಲವೆಂಬ ನಿಯಮವನ್ನು ಸುಪ್ರೀಂ ಕೋರ್ಟ್ ಒಪ್ಪಿತ್ತು. 2005ರ ಮಾಹಿತಿ ಹಕ್ಕು ಕಾಯ್ದೆ ಬಂದ ಮೇಲೆ, 2011ರ ಆಗಸ್ಟ್‌ನಲ್ಲಿ ಅದೇ ನ್ಯಾಯಾಲಯ ಮೌಲ್ಯಮಾಪನವಾದ ಉತ್ತರಪತ್ರಿಕೆಯೂ ಮಾಹಿತಿಯೇ, ಬರೆದವನು ಅದನ್ನು ನೋಡಬಹುದು ಎಂದಿತು. ಮರುಮೌಲ್ಯಮಾಪನ ಮಾತ್ರ ಇಂದಿಗೂ ಆಯಾ ಸಂಸ್ಥೆಯ ನಿಯಮದಲ್ಲಿ ಇದ್ದರೆ ಉಂಟು.

ಈ ಚರಿತ್ರೆಯ ಒಂದು ತುದಿ ಮತ್ತೆ ಕೇಂಬ್ರಿಜ್‌ಗೇ ಹೋಗಿ ಮುಟ್ಟುತ್ತದೆ. ಅಲ್ಲಿ ಖಗೋಳ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಹೆಸರನ್ನು ಸಂಶೋಧಕರ ಪಟ್ಟಿಯಿಂದ ತೆಗೆದುಹಾಕಲಾಯಿತು. ಮತ್ತೆ ಸೇರಿಸಿಕೊಳ್ಳಿ ಎಂಬ ಮನವಿಯೂ ಫಲಿಸಲಿಲ್ಲ. ಮಂಡಳಿ ಅವಲಂಬಿಸಿದ ಅಭಿಪ್ರಾಯಗಳನ್ನು ನೋಡಿ ಉತ್ತರಿಸುವ ಅವಕಾಶ ಆಕೆಗೆ ಸಿಕ್ಕಿರಲಿಲ್ಲ. 2001ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಆಕೆಯ ಪರವಾಗಿ ತೀರ್ಪಿತ್ತಿತು. ವಿದ್ಯಾವಿಷಯಕ ತೀರ್ಮಾನವನ್ನು ಪ್ರಶ್ನಿಸುವ ಸಾರ್ವತ್ರಿಕ ಹಕ್ಕು ಯಾರಿಗೂ ಇಲ್ಲ ಎಂದು ಹೇಳಿಯೇ, ಈ ಪ್ರಕರಣದಲ್ಲಿ ನಡೆದದ್ದು ನ್ಯಾಯಸಮ್ಮತವಲ್ಲ ಎಂದಿತು. ಬೆಂಟ್ಲಿಯ ಕಾಲದಿಂದ ಸುಮಾರು ಇನ್ನೂರ ಎಂಬತ್ತು ವರ್ಷ ಕಳೆದಿತ್ತು. ವಿಶ್ವವಿದ್ಯಾಲಯ ಅದೇ, ತಪ್ಪೂ ಹೆಚ್ಚು ಕಡಿಮೆ ಅದೇ.

ನಮ್ಮಲ್ಲಿ ಇಂದು ಪಿಎಚ್.ಡಿ.ಗೆ ಯುಜಿಸಿಯ 2022ರ ನಿಯಮಾವಳಿಗಳಿವೆ. ಮಹಾಪ್ರಬಂಧವನ್ನು ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ನೋಡಬೇಕು. ಅವರಲ್ಲಿ ಒಬ್ಬರು ತಿರಸ್ಕರಿಸಿದರೆ ಇನ್ನೊಬ್ಬ ಹೊರಗಿನ ಪರೀಕ್ಷಕರಿಗೆ ಕಳುಹಿಸಬೇಕು. 2023ರ ಇನ್ನೊಂದು ನಿಯಮಾವಳಿಯಂತೆ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ ಇರಬೇಕು. ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ಓಂಬುಡ್ಸ್‌ಪರ್ಸನ್ ಅವರಿಗೆ ಮೇಲ್ಮನವಿ ಸಲ್ಲಿಸಬಹುದು. ಬರಿಯ ಅಂಕ ಹೆಚ್ಚಿಸಿ ಎಂಬ ಬೇಡಿಕೆಯನ್ನು ಅವರು ಸಾಮಾನ್ಯವಾಗಿ ಕೇಳುವುದಿಲ್ಲ. ಫಲಿತಾಂಶವನ್ನೇ ಬದಲಿಸಬಲ್ಲ ಲೋಪವನ್ನೋ ತಾರತಮ್ಯವನ್ನೋ ತೋರಿಸಿದರೆ ಕೇಳುತ್ತಾರೆ. ಅಲ್ಲಿಯೂ ಆಗದಿದ್ದರೆ ಹೈಕೋರ್ಟ್. ಅದಕ್ಕೆ ಈಗ ಬೆಂಗಳೂರಿಗೇ ಹೋಗಬೇಕಾಗಿಲ್ಲ, ಧಾರವಾಡ ಮತ್ತು ಕಲಬುರಗಿಯಲ್ಲಿ 2008ರಿಂದ ಪೀಠಗಳಿವೆ. ಒಳಗಿನ ದಾರಿಗಳನ್ನು ಬಿಟ್ಟು ನೇರವಾಗಿ ರಿಟ್ ಹಾಕಿದರೆ, ಮೊದಲು ಅಲ್ಲಿಗೆ ಹೋಗಿ ಬನ್ನಿ ಎಂದು ನ್ಯಾಯಾಧೀಶರು ಹಿಂದಕ್ಕೆ ಕಳುಹಿಸುವ ಸಂಭವ ಹೆಚ್ಚು.

ಆ ದಿನ ಹುಡುಗಿಯನ್ನು ಕೂರಿಸಿಕೊಂಡು ಒಂದು ಪುಟದ ಅರ್ಜಿ ಬರೆಸಿದೆ. ಕೋಪದ ಮಾತು ಒಂದೂ ಬೇಡ ಎಂದೆ, ಬೆಂಟ್ಲಿಯ ನಾಲಿಗೆ ನಮಗೆ ಬೇಡ. ತಜ್ಞರ ವರದಿಯ ಪ್ರತಿ ಕೊಡಿ, ಉತ್ತರಿಸಲು ಸಮಯ ಕೊಡಿ, ಅಲ್ಲಿಯವರೆಗೆ ರದ್ದತಿಯನ್ನು ತಡೆಹಿಡಿಯಿರಿ ಎಂಬ ಮೂರೇ ಬೇಡಿಕೆ. ಕುಲಸಚಿವರ ಕಚೇರಿಗೆ ಖುದ್ದಾಗಿ ಹೋಗಿ ಕೊಟ್ಟು, ಮುದ್ರೆ ಹಾಕಿಸಿಕೊಂಡ ಪ್ರತಿಯನ್ನು ಇಟ್ಟುಕೋ ಎಂದೆ. ತಂದೆ ಅರ್ಧ ಮನಸ್ಸಿನಿಂದಲೇ ಜೊತೆಗೆ ಹೋದರು.

ಏಳು ವಾರಗಳ ನಂತರ ವರದಿಯ ಪ್ರತಿ ಬಂತು. ಮೂರು ಪುಟ. ಎರಡು ಟೀಕೆಗಳು ಸರಿಯೇ ಇವೆ ಎಂದು ಅವಳೇ ಒಪ್ಪಿಕೊಂಡಳು. ಮೂರನೆಯದು ಅವಳು ಬರೆದೇ ಇಲ್ಲದ ಅಧ್ಯಾಯವೊಂದರ ಬಗ್ಗೆ ಇತ್ತು. ಈ ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಅವಳು ತನ್ನ ಉತ್ತರವನ್ನು ಸಮಿತಿಗೆ ಕೊಟ್ಟಿದ್ದಾಳೆ. ವಿಚಾರಣೆಯ ದಿನಾಂಕ ಇನ್ನೂ ಬಂದಿಲ್ಲ.